ಒಡೆದ ಮದಗ, ಉಳಿದ ಆನೆಕೆರೆ

ದೊಡ್ಡ ಸಿಹಿನೀರಿನ ಸರೋವರ ಎಂದೊಡನೆ ಶಾಲೆಯ ಭೂಗೋಳ ಪುಸ್ತಕ ನಮ್ಮನ್ನು ಸೈಬೀರಿಯಾಕ್ಕೋ ಉತ್ತರ ಅಮೆರಿಕಕ್ಕೋ ಕರೆದೊಯ್ಯುತ್ತದೆ. ಬೈಕಲ್ ಸರೋವರದ ಆಳ 1,642 ಮೀಟರ್. ಭೂಮಿಯ ಮೇಲೆ ಹೆಪ್ಪುಗಟ್ಟದೆ ನಿಂತಿರುವ ಸಿಹಿನೀರಿನಲ್ಲಿ ಸುಮಾರು ಐದನೆಯ ಒಂದು ಪಾಲು ಅದೊಂದರಲ್ಲೇ ಇದೆ. ಸುಪೀರಿಯರ್ ಸರೋವರದ ಹರವು 82,000 ಚದರ ಕಿಲೋಮೀಟರ್, ಅಂದರೆ ಇಡೀ ಕರ್ನಾಟಕದ ನೆಲದ ಐದರಲ್ಲಿ ಎರಡು ಪಾಲಿಗೂ ಹೆಚ್ಚು. ಅಂಥದ್ದೊಂದು ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರ ಸರಳವಾಗಿದೆ. ಬೈಕಲ್ ಇರುವ ಕಡೆ ಭೂಮಿಯೇ ಬಿರಿದು ತಗ್ಗಾಯಿತು, ಉತ್ತರ ಅಮೆರಿಕದ ಸರೋವರಗಳ ತಗ್ಗನ್ನು ಹಿಮನದಿಗಳು ಕೊರೆದವು. ದಖ್ಖನ್ನಿನ ನೆಲ ಬಹು ಹಳೆಯದು. ಹಿಮ ಅದನ್ನು ಹಾಗೆ ಕೊರೆಯಲಿಲ್ಲ, ಇದ್ದ ತಗ್ಗುಗಳನ್ನೆಲ್ಲ ನದಿಗಳು ಕೋಟ್ಯಂತರ ವರ್ಷಗಳಲ್ಲಿ ಬಸಿದು ಹಾಕಿವೆ. ಆದ್ದರಿಂದ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ಊರುಗಳ ಸೀಮೆಯಲ್ಲಿ ಕಾಣುವ ನಿಂತ ನೀರೆಲ್ಲ ಮನುಷ್ಯರು ಕಟ್ಟಿ ನಿಲ್ಲಿಸಿದ ನೀರು. ಇಲ್ಲಿ ಸರೋವರದ ಚರಿತ್ರೆ ಎಂದರೆ ಏರಿ, ತೂಬು, ಕೋಡಿ, ಕಾಲುವೆಗಳ ಚರಿತ್ರೆ. ಕೆರೆಯ ಹಿರಿಮೆಯನ್ನು ಅದರ ಹರವಿನಿಂದ ಅಳೆಯುವ ನಮ್ಮ ರೂಢಿ ಈ ಸೀಮೆಯ ಮಟ್ಟಿಗಂತೂ ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಇಲ್ಲಿ ಕಟ್ಟಿದ ಅತಿ ದೊಡ್ಡ ಕೆರೆ ಒಡೆದುಹೋಗಿದೆ. ಅದಕ್ಕಿಂತ ಮೂರು ಶತಮಾನ ಹಳೆಯದಾದ, ಅದರ ಮುಂದೆ ತೀರ ಸಣ್ಣದಾದ ಕೆರೆಗಳು ಇನ್ನೂ ನೀರು ಹಿಡಿಯುತ್ತಿವೆ.

ಮೊದಲು ನೆಲದ ಮಾತು. ಹಾನಗಲ್‌ನಿಂದ ಸವಣೂರಿಗೆ ನೇರ ಗೆರೆ ಎಳೆದರೆ ನಲವತ್ತು ಕಿಲೋಮೀಟರೂ ಆಗುವುದಿಲ್ಲ. ಅಷ್ಟರಲ್ಲೇ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಹಾನಗಲ್ ಮತ್ತು ಹಿರೇಕೆರೂರಿನ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು, ಕೆಂಪು ಮಸಾರಿ ನೆಲ, ಸಣ್ಣ ಸಣ್ಣ ಗುಡ್ಡ, ಗುಡ್ಡಗಳ ನಡುವೆ ಹರಿಯುವ ಹಳ್ಳ. ಹಳ್ಳಕ್ಕೆ ಅಡ್ಡ ಒಂದು ಏರಿ ಹಾಕಿದರೆ ಮೇಲೆ ಕೆರೆ, ಕೆಳಗೆ ಭತ್ತದ ಗದ್ದೆ. ಪೂರ್ವಕ್ಕೆ ಸವಣೂರಿನ ಕಡೆ ಸರಿದಂತೆ ಎರೆ ಭೂಮಿ. ಅದು ತಾನೇ ಹಸಿ ಹಿಡಿದಿಟ್ಟುಕೊಂಡು ಜೋಳ, ಹತ್ತಿ ಬೆಳೆಯುವ ನೆಲ. ಅದಕ್ಕೆ ಕಾಲುವೆಯ ನೀರು ಹೆಚ್ಚಾದರೆ ಉಪಕಾರಕ್ಕಿಂತ ಜವುಳಿನ ಕಾಟವೇ ಹೆಚ್ಚು. ಮಟ್ಟಸವಾದ ಎರೆಯಲ್ಲಿ ಏರಿ ಕಟ್ಟಲು ಎರಡು ಗುಡ್ಡಗಳ ಆಸರೆಯೂ ಸಿಗುವುದಿಲ್ಲ. ಹೀಗಾಗಿ ಕೆರೆಗಳು ಈ ಸೀಮೆಯಲ್ಲಿ ಸಮನಾಗಿ ಹರಡಿಲ್ಲ. ಹಾನಗಲ್ ಹಿರೇಕೆರೂರುಗಳಲ್ಲಿ ದಟ್ಟವಾಗಿಯೂ ಸವಣೂರಿನಲ್ಲಿ ತೆಳುವಾಗಿಯೂ ಇವೆ, ಶಿಗ್ಗಾವಿ ಎರಡರ ನಡುವೆ ನಿಂತಿದೆ. ಕಟ್ಟಿದವರು ನೆಲದ ಗುಣವನ್ನು ಬಲ್ಲವರಾಗಿದ್ದರು ಎನ್ನಲು ಬೇರೆ ಶಾಸನ ಬೇಡ, ಈ ಹಂಚಿಕೆಯೇ ಸಾಕು.

ಈ ತಿಳಿವಳಿಕೆಯ ಮಿತಿಯನ್ನು ಮೀರಿ ಹೋದ ಒಂದು ಸಾಹಸ ಮಾಸೂರಿನ ಮದಗ. ಹಿಂದೆ ಹಿರೇಕೆರೂರು ತಾಲೂಕಿನಲ್ಲಿದ್ದು ಈಗ ರಟ್ಟಿಹಳ್ಳಿ ತಾಲೂಕಿಗೆ ಸೇರಿರುವ ಮಾಸೂರನ್ನು ಬಹುಪಾಲು ಕನ್ನಡಿಗರು ಸರ್ವಜ್ಞನ ಹೆಸರಿನೊಂದಿಗೆ ನೆನೆಯುತ್ತಾರೆ. ಅಣೆಕಟ್ಟುಗಳ ಇತಿಹಾಸ ಬರೆದ ಹೊರನಾಡಿನವರಿಗೆ ಅದು ಬೇರೆಯೇ ಕಾರಣಕ್ಕೆ ಪರಿಚಿತ. ಶಿವಮೊಗ್ಗದ ಮಲೆನಾಡಿನಲ್ಲಿ ಹುಟ್ಟಿ ಶಿಕಾರಿಪುರದ ಮೇಲೆ ಹಾದು ಬರುವ ಕುಮುದ್ವತಿ ಇಲ್ಲಿ ಗುಡ್ಡಗಳ ಇಕ್ಕಟ್ಟಿನಲ್ಲಿ ನುಸುಳಿ ತುಂಗಭದ್ರೆಯ ಕಡೆಗೆ ಹೋಗುತ್ತದೆ. 1500ರ ಆಸುಪಾಸಿನಲ್ಲಿ ವಿಜಯನಗರದವರು ಆ ಇಕ್ಕಟ್ಟಿಗೂ ಪಕ್ಕದ ತಗ್ಗುಗಳಿಗೂ ಏರಿ ಹಾಕಿ ನದಿಯನ್ನೇ ನಿಲ್ಲಿಸಿದರು. ಉಳಿದ ದಿಬ್ಬಗಳನ್ನು ನೋಡಿ 19ನೇ ಶತಮಾನದ ಎಂಜಿನಿಯರುಗಳು ಬರೆದಿಟ್ಟ ಅಳತೆಗಳ ಪ್ರಕಾರ ಮುಖ್ಯ ಏರಿಯ ಎತ್ತರ ಸುಮಾರು ನೂರು ಅಡಿ, ಬುಡದ ಅಗಲ ಒಂಬೈನೂರರಿಂದ ಸಾವಿರದ ನೂರು ಅಡಿ. ಮಣ್ಣಿನ ಏರಿಯೊಂದು ಆ ಕಾಲಕ್ಕೆ ಈ ಎತ್ತರ ಮುಟ್ಟಿದ್ದು ಜಗತ್ತಿನಲ್ಲೇ ಅಪರೂಪ. ಒಳಮೈಗೆ ದೊಡ್ಡ ದೊಡ್ಡ ಬಂಡೆಗಳ ಹೊದಿಕೆ, ಒಳಗೆ ಕಲ್ಲಿನ ತೂಬು. ಗುದ್ದಲಿ, ಬುಟ್ಟಿ, ಎತ್ತಿನ ಬಂಡಿ ಬಿಟ್ಟರೆ ಬೇರೆ ಯಂತ್ರವಿಲ್ಲದ ಕಾಲದಲ್ಲಿ ಇದನ್ನು ಕಟ್ಟಿದವರ ಛಲಕ್ಕೆ ತಲೆಬಾಗಲೇಬೇಕು.

ಅದೇ ಬರಹಗಳು ಇನ್ನೊಂದು ಲೆಕ್ಕವನ್ನೂ ಹೇಳುತ್ತವೆ: ತುಂಬಿದಾಗ ಮದಗದ ನೀರು ನಲವತ್ತು ಚದರ ಮೈಲಿ ಹರಡುತ್ತಿತ್ತಂತೆ. ಈ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಬಂದಿದೆ, ಇದನ್ನು ಕೂಡಿಸಿ ಗುಣಿಸಿ ನೋಡಿದವರು ಕಡಿಮೆ. ನಲವತ್ತು ಚದರ ಮೈಲಿ ಎಂದರೆ 25,600 ಎಕರೆ, ಇಂದಿನ ಅಳತೆಯಲ್ಲಿ 104 ಚದರ ಕಿಲೋಮೀಟರ್. ಏರಿಯ ಬಳಿ ನೂರು ಅಡಿ ಇರುವ ನೀರು ಹಿನ್ನೀರಿನ ಕಡೆ ಸೊನ್ನೆಗೆ ಇಳಿಯುವುದರಿಂದ ಸರಾಸರಿ ಆಳವನ್ನು ಹತ್ತು ಮೀಟರ್ ಎಂದು ಹಿಡಿಯೋಣ. ಆಗಲೂ ನಿಲ್ಲುವ ನೀರು ನೂರು ಕೋಟಿ ಘನ ಮೀಟರ್ ದಾಟುತ್ತದೆ, ಅಂದರೆ ಸುಮಾರು 37 ಟಿಎಂಸಿ ಅಡಿ. ಕನ್ನಂಬಾಡಿಯ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ ಅಡಿ. ಮದಗ ಅದರ ಮುಕ್ಕಾಲು ಪಾಲಿನಷ್ಟು ನೀರು ಹಿಡಿಯುತ್ತಿತ್ತು ಎಂದಾಯಿತು. ಕನ್ನಂಬಾಡಿಗೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ನೆಲದಿಂದ ಬಂದು ಸೇರುತ್ತದೆ. ಕುಮುದ್ವತಿ ಮಾಸೂರಿನವರೆಗೆ ಬಸಿದು ತರುವ ನೆಲ ಅದರ ನಾಲ್ಕನೆಯ ಒಂದು ಪಾಲೂ ಇಲ್ಲ. ಹಾಗಾದರೆ ಎರಡರಲ್ಲಿ ಒಂದು ನಿಜವಿರಬೇಕು. ನಲವತ್ತು ಚದರ ಮೈಲಿಯ ಮಾತು ಉತ್ಪ್ರೇಕ್ಷೆ ಇರಬೇಕು. ಇಲ್ಲವೇ ಕೆರೆ ಸಾಧಾರಣ ವರ್ಷದಲ್ಲಿ ಎಂದೂ ತುಂಬದೆ, ಯಾವುದೋ ಮಹಾಮಳೆಗೆ ಮಾತ್ರ ಬಾಯಿ ಮಟ್ಟ ಬಂದಿರಬೇಕು. ಎರಡೂ ಅಷ್ಟಿಷ್ಟು ನಿಜವೆಂದು ನನಗೆ ತೋರುತ್ತದೆ. ಏರಿಯ ಎತ್ತರ ಕಣ್ಣಿಗೆ ಕಾಣುವ ಸಾಕ್ಷ್ಯ, ಅದನ್ನು ಅಲ್ಲಗಳೆಯಲಾಗದು. ನದಿಗೆ ತಕ್ಕ ಏರಿಗಿಂತ ದೊಡ್ಡ ಏರಿಯನ್ನು ಇಲ್ಲಿ ಕಟ್ಟಿದ್ದಾರೆ.

ಕೆರೆ ಒಡೆದದ್ದಕ್ಕೆ ಅಣೆಕಟ್ಟು ಚರಿತ್ರೆಕಾರರು ಕೊಡುವ ಕಾರಣವೂ ಇದಕ್ಕೆ ಹೊಂದುತ್ತದೆ: ಹೆಚ್ಚಾದ ನೀರು ಹೊರಹೋಗಲು ತಕ್ಕ ಕೋಡಿ ಇರಲಿಲ್ಲ. ಮಣ್ಣಿನ ಏರಿಯ ಮೇಲೆ ನೀರು ಒಮ್ಮೆ ಹತ್ತಿ ಹರಿಯಿತೆಂದರೆ ಅದರ ಅಗಲ ಸಾವಿರ ಅಡಿಯಾದರೂ ಉಳಿಗಾಲವಿಲ್ಲ; ಹರಿವ ನೀರು ಹಿಂಬದಿಯ ಮಣ್ಣನ್ನು ಕೊರೆಯುತ್ತ ಏರಿಯ ನೆತ್ತಿಯವರೆಗೆ ಬರುತ್ತದೆ. ವರ್ಷಾನುವರ್ಷ ಅರ್ಧ ತುಂಬಿ ನಿಲ್ಲುವ ಕೆರೆಗೆ ಕೋಡಿ ಏಕೆ ಬೇಕು ಎಂದು ಕಟ್ಟಿದವರಿಗೆ ಅನ್ನಿಸಿರಬಹುದು. ಎಂದೋ ಒಮ್ಮೆ ಬರುವ ಮಳೆಯೇ ಕೆರೆಯ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದನ್ನು ಮದಗ ಕಲಿಸಿತು. ಬ್ರಿಟಿಷರ ಕಾಲದಲ್ಲಿ ಹಳೆಯ ಪಾತ್ರದ ಸಣ್ಣ ಭಾಗವನ್ನು ಮಾತ್ರ ಉಳಿಸಿಕೊಂಡು ಹೊಸದಾಗಿ ಕೆರೆ ಮಾಡಿದರು. ಇಂದು ಮಳೆಗಾಲದಲ್ಲಿ ಜನ ಗುಂಪುಗಟ್ಟಿ ನೋಡಲು ಹೋಗುವ ಮದಗ ಮಾಸೂರು ಆ ಸಣ್ಣ ಕೆರೆ. ಅದರ ಕೋಡಿ ಬಿದ್ದು ಬಂಡೆಗಳ ಮೇಲೆ ಧುಮುಕುವ ನೀರನ್ನೇ ಎಲ್ಲರೂ ಜಲಪಾತವೆಂದು ಕರೆಯುತ್ತಾರೆ. ಅಲ್ಲಿಗೆ ಹೋದವರ ಕ್ಯಾಮೆರಾಗಳೆಲ್ಲ ಕೋಡಿಯ ಕಡೆಗೇ ತಿರುಗಿರುತ್ತವೆ.

ಕೆರೆ ಕಟ್ಟುವ ವಿದ್ಯೆ ಆಗ ಬಾಯಿಮಾತಿನದಾಗಿತ್ತು, ಆದ್ದರಿಂದ ಇಂಥ ತಪ್ಪು ಸಹಜ ಎನ್ನುವಂತಿಲ್ಲ. ಮದಗಕ್ಕಿಂತ ಒಂದು ಶತಮಾನಕ್ಕೂ ಮುಂಚೆ, 1369ರಲ್ಲಿ, ಅದೇ ವಿಜಯನಗರದ ಅರಸುಮಗ ಭಾಸ್ಕರ ಭವದೂರ ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ಮಣ್ಣು, ಮೂರು ಯೋಜನ ದೂರದಿಂದ ಬರುವ ಸಿಹಿನೀರಿನ ಹೊಳೆ, ಗುಡ್ಡಕ್ಕೆ ಅಂಟಿಕೊಂಡ ನೆಲೆ, ತೀರ ಉದ್ದವಲ್ಲದ ಗಟ್ಟಿ ಏರಿ, ಹತ್ತಿರದಲ್ಲೇ ಉದ್ದನೆಯ ಕಲ್ಲು ಸಿಗುವ ಗಣಿ, ಕೆಲಸ ಬಲ್ಲ ಆಳುಗಳು ಎಂದು ಪಟ್ಟಿ ಸಾಗುತ್ತದೆ. ಮಾಸೂರಿನ ಜಾಗಕ್ಕೆ ಇವೆಲ್ಲ ಹೇಳಿ ಮಾಡಿಸಿದಂತಿವೆ. ದೋಷಗಳ ಪಟ್ಟಿಗೆ ಬಂದರೆ ಏರಿ ಒಸರುವುದು, ಚೌಳು ನೆಲ, ನಡುವೆ ಉಬ್ಬಿದ ಪಾತ್ರ ಇವುಗಳ ಜತೆಗೆ ಮೂರು ಮಾತು ಕಣ್ಣಿಗೆ ಬೀಳುತ್ತವೆ: ನೆಲ ಬಹಳವಿದ್ದು ನೀರು ಕಡಿಮೆ ಇರುವುದು, ನೀರು ಬಹಳವಿದ್ದು ನೆಲ ಕಡಿಮೆ ಇರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ನೀರಿಗೂ ನೆಲಕ್ಕೂ ಅಳತೆ ಕೂಡಿ ಬರಬೇಕೆಂಬ ತತ್ತ್ವ 14ನೇ ಶತಮಾನದಲ್ಲೇ ಸ್ಪಷ್ಟವಾಗಿತ್ತು. ಗಡಿಯ ದೋಷವಂತೂ ಮದಗಕ್ಕೆ ಮುಂದೆ ಅಕ್ಷರಶಃ ಅಂಟಿತು. ಮುಂಬಯಿ ಪ್ರಾಂತ್ಯಕ್ಕೂ ಮೈಸೂರು ಸಂಸ್ಥಾನಕ್ಕೂ ನಡುವಿನ ಗೆರೆ ಈ ಪಾತ್ರದ ಬಳಿಯೇ ಹಾದುಹೋಯಿತು. ನೀರು ಬರುವ ನೆಲ ಒಬ್ಬರದು, ನೀರು ಉಣ್ಣುವ ನೆಲ ಇನ್ನೊಬ್ಬರದು. ಇಂದು ಅದೇ ಗೆರೆ ಹಾವೇರಿ, ಶಿವಮೊಗ್ಗ ಜಿಲ್ಲೆಗಳ ನಡುವಿನದಾಗಿದೆ.

ಈಗ ಹಾನಗಲ್‌ಗೆ ಬರೋಣ. ಊರಿನ ಪಶ್ಚಿಮಕ್ಕಿರುವ ಆನೆಕೆರೆ ಹರವಿನಲ್ಲಿ ಮದಗದ ಹತ್ತಿರಕ್ಕೂ ಬರುವುದಿಲ್ಲ. ಅದರ ವಯಸ್ಸು ಮಾತ್ರ ದೊಡ್ಡದು. ಹೊಯ್ಸಳರ ಇಮ್ಮಡಿ ಬಲ್ಲಾಳ 1196ರಲ್ಲಿ ಕದಂಬರ ಈ ರಾಜಧಾನಿಯನ್ನು ಮುತ್ತಿದಾಗ ಬೀಡು ಬಿಟ್ಟದ್ದು ಈ ಕೆರೆಯ ಬಳಿ. ದಂಡು, ಕುದುರೆ, ಆನೆಗಳನ್ನು ದಿನಗಟ್ಟಲೆ ಸಾಕುವಷ್ಟು ನೀರು ಆಗಲೇ ಅದರಲ್ಲಿತ್ತು. ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಮಡಿದ. ಮುತ್ತಿಗೆಯ ನೆನಪು ವೀರಗಲ್ಲಿನಲ್ಲಿ ಉಳಿಯಿತು. ಕದಂಬರು ಹೋದರು, ಹೊಯ್ಸಳರು ಹೋದರು, ಮದಗ ಕಟ್ಟಿದವರೂ ಹೋದರು. ಎಂಟು ನೂರು ವರ್ಷ ದಾಟಿದ ಆನೆಕೆರೆಯ ಹೆಸರು ಇವತ್ತಿಗೂ ಪಟ್ಟಣದ ಕುಡಿಯುವ ನೀರಿನ ಮಾತು ಬಂದಾಗಲೆಲ್ಲ ಕೇಳಿಬರುತ್ತದೆ. ತಾರಕೇಶ್ವರ ಗುಡಿಯ ಛತ್ತಿನ ಕಮಲವನ್ನು ನೋಡಿ ಬೆರಗಾಗುವ ಪ್ರವಾಸಿಗರು ಈ ಕೆರೆಯ ಕಡೆ ಕಾಲಿಡುವುದಿಲ್ಲ. ಗುಡಿಗೆ ಪುರಾತತ್ತ್ವ ಇಲಾಖೆಯ ಕಾವಲು ಸಿಕ್ಕಿತು, ಅದೇ ಕಾಲದ ಎಂಜಿನಿಯರಿಂಗಿಗೆ ಸಿಗಲಿಲ್ಲ.

ಇಂಥ ಕೆರೆಗಳು ಉಳಿದದ್ದು ಅದೃಷ್ಟದಿಂದಲ್ಲ. ಹಾನಗಲ್ ಸೀಮೆಯ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಕಟ್ಟಿದವು. ಮೇಲಿನದರ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ, ಅದರ ಕೋಡಿ ಮತ್ತೊಂದಕ್ಕೆ, ಕೊನೆಗೆ ಮಿಕ್ಕಿದ್ದು ಧರ್ಮಾ ನದಿಗೂ ವರದೆಗೂ. ಮೇಲಿನ ಕೆರೆ ಪ್ರವಾಹದ ಮೊದಲ ಹೊಡೆತ ತಾಳಿಕೊಳ್ಳುವುದರಿಂದ ಕೆಳಗಿನ ಏರಿಗೆ ಬೀಳುವ ಭಾರ ಕಡಿಮೆ. ಒಂದು ಏರಿ ಹೋದರೂ ಒಂದೆರಡು ಊರಿನ ಗದ್ದೆ ಹಾಳಾಗುತ್ತದೆ, ಸೀಮೆಯ ಅನ್ನ ಹೋಗುವುದಿಲ್ಲ. ದುರಸ್ತಿಗೆ ಸಾಮ್ರಾಜ್ಯವೂ ಬೇಕಿಲ್ಲ. ಧರ್ಮಾ ನದಿಯಿಂದ ಕಾಲುವೆ ತೆಗೆದು ಈ ಕೆರೆಗಳಿಗೆ ನೀರು ಹಾಯಿಸುವ ಏರ್ಪಾಟೂ ಹಳೆಯದೇ. ಈಗ ಮುಂಡಗೋಡ ತಾಲೂಕಿನ ಮಳಗಿಯಲ್ಲಿ ಕಟ್ಟಿರುವ ಧರ್ಮಾ ಜಲಾಶಯ ಅದೇ ಜಾಲಕ್ಕೆ ತಲೆಯಾಗಿದೆ. ತಿಳವಳ್ಳಿ, ನರೇಗಲ್, ಅಕ್ಕಿಆಲೂರುಗಳ ಕಡೆ ಓಡಾಡಿದವರಿಗೆ ಒಂದು ಕೆರೆಯ ಅಚ್ಚುಕಟ್ಟು ಮುಗಿಯುವ ಮೊದಲೇ ಇನ್ನೊಂದರ ಹಿನ್ನೀರು ಕಾಣುವುದು ಹೊಸದಲ್ಲ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1860ರ ದಶಕದಲ್ಲಿ ಆ ಸಂಸ್ಥಾನದ ಬಗ್ಗೆ, ಹೊಸ ಕೆರೆಗೆ ಜಾಗ ಹುಡುಕಲು ಜಾಣ್ಮೆಯೇ ಬೇಕಾದೀತು ಎಂಬರ್ಥದ ಮಾತು ಬರೆದಿದ್ದ. ಗಡಿಯ ಈಚೆಗಿನ ಹಾನಗಲ್ಲಿಗೂ ಆ ಮಾತು ಸಲ್ಲುತ್ತದೆ. ಈ ನೂರಾರು ಕೆರೆಗಳನ್ನು ಒಂದೇ ಜಲಾಶಯದ ಬಿಡಿ ಕೋಣೆಗಳೆಂದು ನೋಡಿದರೆ ಹಾನಗಲ್‌ನ ದೊಡ್ಡ ಸರೋವರ ಯಾವುದೆಂಬ ಪ್ರಶ್ನೆಯೇ ಬೇರೆಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ದೊಡ್ಡದೆಲ್ಲ ಒಡೆಯುತ್ತದೆ ಎಂಬುದು ನಿಜವಾದರೆ ಚನ್ನಗಿರಿಯ ಸೂಳೆಕೆರೆ, ಶಾಂತಿಸಾಗರವೆಂದು ಈಗ ಕರೆಯುವ ಆ ಕೆರೆ, ಹೇಗೆ ಉಳಿಯಿತು? ಅದರ ಹರವು ಸುಮಾರು 6,500 ಎಕರೆ, ಕಟ್ಟಿದ್ದು 11-12ನೇ ಶತಮಾನದಲ್ಲಿ ಎಂಬುದು ಪ್ರತೀತಿ. ಇಂದಿಗೂ ಅದು ಸುತ್ತಲಿನ ಪಟ್ಟಣಗಳಿಗೆ ಕುಡಿಯುವ ನೀರು ಕೊಡುತ್ತಿದೆ. ಆಕ್ಷೇಪ ಸರಿಯಾದುದೇ, ದೊಡ್ಡದಾಗಿರುವುದೇ ಕೆರೆಯ ರೋಗವೆಂದು ನಾನು ವಾದಿಸುತ್ತಿಲ್ಲ. ಸೂಳೆಕೆರೆಯ ಏರಿ ಎರಡು ಗುಡ್ಡಗಳ ನಡುವಿನ ಕಿರಿದಾದ ಕಂದರದಲ್ಲಿದೆ, ಅದರ ಹಿಂದಿರುವುದು ಹರಿದ್ರಾ ಎಂಬ ಹಳ್ಳ, ನದಿಯಲ್ಲ. ಸಿದ್ಧ, ಬಸವ ಎಂಬ ಎರಡು ನಾಲೆಗಳು ನೀರನ್ನು ಇಳಿಸುತ್ತವೆ. ಕಾಲಕಾಲಕ್ಕೆ ದುರಸ್ತಿಯೂ ಆಗಿದೆ, ಭದ್ರಾ ನಾಲೆಯ ಆಸರೆಯೂ ಈಗ ಉಂಟು. ಬರುವ ನೀರಿಗೂ ಕೆರೆಯ ಹೊಟ್ಟೆಗೂ ಹೊಂದಿಕೆ ಇರುವುದರಿಂದ ಅದು ದೊಡ್ಡದಾಗಿಯೂ ಬದುಕಿದೆ. ಅದನ್ನು ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂದು ಫಲಕಗಳಲ್ಲಿ ಬರೆಯುವವರು ಮೊದಲನೆಯದು ಯಾವುದೆಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಏಷ್ಯಾದಲ್ಲಿ ಎಷ್ಟು ಎರಡನೆಯ ದೊಡ್ಡ ಕೆರೆಗಳಿವೆಯೋ ದೇವರೇ ಬಲ್ಲ. ಆ ಬಿರುದಿಗಿಂತ ಅದರ ಒತ್ತುವರಿಯ ಸರ್ವೆಗೆ ಜನ ಹೋರಾಡಿದ್ದು ದೊಡ್ಡ ಸುದ್ದಿ. ಹಾವೇರಿಯ ಮಗ್ಗುಲಲ್ಲೇ 600 ಎಕರೆ ಮೀರಿದ ಹೆಗ್ಗೇರಿ ಇದೆ. ಅದರ ವಿಷಯದಲ್ಲೂ ಹರವಿನ ಹೆಮ್ಮೆಗಿಂತ, ನೀರು ಬರುವ ದಾರಿಗಳು ತೆರೆದಿವೆಯೇ ಎಂಬ ಪ್ರಶ್ನೆಯೇ ಮುಖ್ಯವಾದದ್ದು.

ಎರೆ ಸೀಮೆಯ ಕೆರೆಗಳು ಬೇರೆ ಪಾಠ ಹೇಳುತ್ತವೆ. ಸವಣೂರಿನಲ್ಲಿ ನೀರಾವರಿಗಿಂತ ಊರಿನ ಬಾಯಾರಿಕೆಗೆ, ಮತ್ತು ಊರ ಸುತ್ತಲಿನ ಒಂದಿಷ್ಟು ತೋಟಕ್ಕೆ ನೀರು ಬೇಕಿತ್ತು. ನವಾಬರ ಊರಿನ ಮೋತಿ ತಲಾಬ್, ಸತ್ಯಬೋಧ ಸ್ವಾಮಿಗಳ ಮಠದ ಕಡೆಯ ವಿಷ್ಣುತೀರ್ಥ, ಊರ ತುಂಬ ಬಾವಿಗಳು ಸೇರಿ ಆ ಕೆಲಸ ಮಾಡಿದವು. ಒಂದು ಕಾಲಕ್ಕೆ ದೂರದ ಪೇಟೆಗಳಲ್ಲೂ ಹೆಸರು ಮಾಡಿದ್ದ ಸವಣೂರಿನ ವೀಳ್ಯದೆಲೆ ಈ ಅಲ್ಪ ನೀರಿನ ಜಾಣ ಬಳಕೆಯ ಫಲ. ಎಲೆಬಳ್ಳಿಗೆ ನೀರು ಹೆಚ್ಚಾದರೂ ಕೊಳೆ, ಕಡಿಮೆಯಾದರೂ ಬಾಡು. ಸವಣೂರಿನಿಂದ ಈಶಾನ್ಯಕ್ಕೆ, ಲಕ್ಷ್ಮೇಶ್ವರದ ಹತ್ತಿರ, ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ಅದರ ಹರವು ಸುಮಾರು ಐವತ್ತು ಹೆಕ್ಟೇರ್ ಅಷ್ಟೇ. ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿಗೆ ಇಳಿದು, ಸುತ್ತಲಿನ ಹೊಲಗಳಲ್ಲಿ ಮೇದು, ಕೆರೆಯಲ್ಲಿ ತಂಗುತ್ತವೆ. 2024ರಲ್ಲಿ ಇದಕ್ಕೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಏಷ್ಯಾದ ಎರಡನೆಯದೆಂಬ ಬಿರುದು ಹೊತ್ತ ಕೆರೆಗೆ ಸಿಗದ ಈ ಗೌರವ ಐವತ್ತು ಹೆಕ್ಟೇರಿನ ಕೆರೆಗೆ ಸಿಕ್ಕಿದೆ. ಹಕ್ಕಿಗೆ ಬೇಕಾದದ್ದು ಮೊಣಕಾಲಾಳದ ಅಂಚು, ಮೇವು, ಕಾಟ ಕೊಡದ ಜನ.

ಹಳೆಯ ಕೆರೆಗಳನ್ನು ಹೀಗೆ ಹೊಗಳುವಾಗ ಇನ್ನೊಂದು ಆಕ್ಷೇಪ ಏಳುತ್ತದೆ, ನನ್ನ ಮಟ್ಟಿಗೆ ಅದು ಹೆಚ್ಚು ತೂಕದ್ದು. ಈ ಏರಿಗಳನ್ನು ಹೊತ್ತವರು ಯಾರು, ಉಂಡವರು ಯಾರು? ಶಾಸನಗಳು ಕಟ್ಟಿಸಿದವನ ಹೆಸರು ಹೇಳುತ್ತವೆ, ಕಟ್ಟಿದವನದನ್ನಲ್ಲ. ಪೋರುಮಾಮಿಳ್ಳದಲ್ಲಿ ದಿನಕ್ಕೆ ಸಾವಿರ ಆಳು, ನೂರು ಬಂಡಿ ಎರಡು ವರ್ಷ ದುಡಿದವೆಂಬ ಲೆಕ್ಕವಿದೆ, ಒಬ್ಬ ಆಳಿನ ಹೆಸರಿಲ್ಲ. ಮದಗದ ಕೆರೆಗೆ ಮಳೆ ಬಂದ ಬಗೆಯನ್ನು ಹಾಡುವ ಪ್ರಸಿದ್ಧ ಜನಪದ ಹಾಡಿನಲ್ಲಿ ಏರಿಯ ಕೆಲಸಕ್ಕೆ ಸಾವಿರಾರು ಒಡ್ಡರು ಬರುತ್ತಾರೆ. ಆ ಮದಗ ತಮ್ಮದೆಂದು ಮಾಸೂರಿನವರೂ ಹೇಳುತ್ತಾರೆ, ಕಡೂರು ಸೀಮೆಯವರೂ ಹೇಳುತ್ತಾರೆ. ಜಗಳ ಬಗೆಹರಿಯಬೇಕಾದ ಅಗತ್ಯವೇನೂ ಇಲ್ಲ. ಕೆರೆ ನಿಲ್ಲದಿದ್ದಾಗ ಮನೆಯ ಸೊಸೆಯನ್ನು ಬಲಿಕೊಡುವ ಕಥೆ ಒಂದೆರಡು ಊರಿನದಲ್ಲ. ‘ಕೆರೆಗೆ ಹಾರ’ದ ಭಾಗೀರಥಿ, ಮದಗದ ಕೆಂಚಮ್ಮ, ಹೆಸರು ಬೇರೆ ಬೇರೆ. ಇವು ನಡೆದವೋ ಇಲ್ಲವೋ ಎಂಬ ಚರ್ಚೆಗಿಂತ, ಏರಿಯ ಬೆಲೆ ಯಾರ ಮೇಲೆ ಬಿತ್ತೆಂಬುದನ್ನು ಹೆಣ್ಣುಮಕ್ಕಳ ಬಾಯಿ ಶತಮಾನಗಳ ಕಾಲ ಹಾಡಿಕೊಂಡು ಬಂದಿತೆಂಬುದೇ ನನಗೆ ಸಾಕ್ಷ್ಯ. ಆದ್ದರಿಂದ ಹಳೆಯ ವ್ಯವಸ್ಥೆ ನ್ಯಾಯದ್ದಾಗಿತ್ತು ಎಂದು ಹೇಳಲಾರೆ. ಅದು ಜಾತಿಯ ಏಣಿಯ ಮೇಲೆ ನಿಂತಿತ್ತು. ಅಚ್ಚುಕಟ್ಟಿನ ತಲೆಗದ್ದೆ ಯಾರಿಗೆ, ಬಾಲದ ಗದ್ದೆ ಯಾರಿಗೆ ಎಂಬುದನ್ನು ಆ ಏಣಿಯೇ ತೀರ್ಮಾನಿಸುತ್ತಿತ್ತು. ಆದರೆ ಅದರಲ್ಲಿದ್ದ ಒಂದು ಅಂಶ ಇಂದಿಗೂ ಎತ್ತಿಕೊಳ್ಳುವಂಥದು: ಕೆರೆ ಕಟ್ಟಿದ ದಿನವೇ ಅದರ ಪಾಲನೆಗೆ ನೆಲ ಬಿಡುತ್ತಿದ್ದರು. ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಎಂದು ಶಾಸನಗಳಲ್ಲಿ ಬರುವ ದತ್ತಿಗಳೆಲ್ಲ ಹೂಳೆತ್ತುವ ಬಂಡಿಗೆ, ಏರಿಗೆ ಮಣ್ಣು ಹಾಕುವ ಆಳಿಗೆ, ನೀರು ಬಿಡುವ ನೀರಗಂಟಿಗೆ ಮೀಸಲಾದ ಹುಟ್ಟುವಳಿ. ಕಟ್ಟುವ ಖರ್ಚಿಗೂ ಕಾಯುವ ಖರ್ಚಿಗೂ ಬೇರೆ ಬೇರೆ ಬಾಬತ್ತು ಇತ್ತು. ನಮ್ಮ ಆಯವ್ಯಯಗಳಲ್ಲಿ ಮೊದಲನೆಯದಕ್ಕೆ ಕೋಟಿಗಳು ಸುಲಭವಾಗಿ ಸಿಗುತ್ತವೆ, ಎರಡನೆಯದಕ್ಕೆ ಸಿಗುವುದು ಪುಡಿಗಾಸು.

ತಾಂತ್ರಿಕ ಆಕ್ಷೇಪ ಇನ್ನೊಂದಿದೆ. ಸಣ್ಣ ಕೆರೆಗಳು ಆಳವಿಲ್ಲದವು. ನಮ್ಮ ಬಿಸಿಲಿಗೆ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ, ಎರಡು ಮೀಟರ್ ಆಳದ ಕೆರೆಯಲ್ಲಿ ಉಳಿಯುವುದೇನು? ಒಂದು ದೊಡ್ಡ ಆಳವಾದ ಜಲಾಶಯ ಅದಕ್ಕಿಂತ ಮೇಲಲ್ಲವೇ? ಲೆಕ್ಕ ಸರಿಯಿದೆ, ಆದರೆ ಅದು ಅರ್ಧ ಲೆಕ್ಕ. ಕೆರೆಯ ನೀರು ಮೇಲಕ್ಕೆ ಹೋದಂತೆ ಕೆಳಕ್ಕೂ ಇಳಿಯುತ್ತದೆ. ಮಸಾರಿ ನೆಲದಲ್ಲಿ ಇಳಿದ ಆ ನೀರೇ ಸುತ್ತಲಿನ ಬಾವಿಗಳ ಸೆಲೆ. ಕೊಳವೆಬಾವಿ ಬಂದ ಮೇಲೆ ಕೆರೆಯ ಹಂಗೇಕೆ ಎಂದು ಕೇಳಿದ ಊರುಗಳಲ್ಲಿ ಕೆರೆ ಬತ್ತಿದ ಕೆಲವು ವರ್ಷಕ್ಕೆ ಕೊಳವೆಬಾವಿಯೂ ಬತ್ತಿತು. ಹೂಳಿನ ಸಮಸ್ಯೆಯೂ ನಿಜ. ಆದರೆ ದೊಡ್ಡ ಜಲಾಶಯದ ಹೂಳೆತ್ತಲು ಇಂದಿಗೂ ಸುಲಭದ ದಾರಿ ಸಿಕ್ಕಿಲ್ಲ, ಕೆರೆಯ ಹೂಳನ್ನು ರೈತನೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುತ್ತಾನೆ, ಅದು ಅವನಿಗೆ ಗೊಬ್ಬರ. 2019ರ ಆಗಸ್ಟಿನಲ್ಲಿ ವರದೆ, ಧರ್ಮೆ ಉಕ್ಕಿ ಹಾನಗಲ್, ಸವಣೂರುಗಳ ಹೊಳೆದಂಡೆಯ ಊರುಗಳು ಮುಳುಗಿದವು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ ಬಹುಪಾಲು ತಾಲೂಕುಗಳು ಬರದ ಪಟ್ಟಿಗೆ ಸೇರಿದವು. ಎರಡೂ ಒಂದೇ ಸೀಮೆಗೆ ಹೀಗೆ ಬೆನ್ನು ಬೆನ್ನಿಗೆ ಬರುವ ಕಾಲದಲ್ಲಿ ನೀರನ್ನು ನೂರು ಕಡೆ ತಡೆದು ನಿಲ್ಲಿಸುವ ಏರ್ಪಾಟು ಹಳೆಯ ಕಾಲದ ಹಂಬಲ ಅನ್ನಿಸುವುದಿಲ್ಲ.

ಸರಕಾರಗಳಿಗೂ ಇದು ಅರ್ಥವಾಗಿಲ್ಲವೆಂದಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ಹಾವೇರಿ ಜಿಲ್ಲೆಯೂ ಇತ್ತು. ಕೆರೆ ಬಳಕೆದಾರರ ಸಂಘಗಳು ಆಗ ಹುಟ್ಟಿದವು. ಯೋಜನೆ ಮುಗಿದಂತೆ ಅವುಗಳಲ್ಲಿ ಎಷ್ಟೋ ಮಂಕಾದವು. ಈಗ ಏತ ನೀರಾವರಿಯ ಕಾಲ. ಹಾನಗಲ್‌ನ ಬಾಳಂಬೀಡ, ಹಿರೇಕೆರೂರಿನ ಸರ್ವಜ್ಞ, ಶಿಗ್ಗಾವಿ ಮತ್ತು ಸವಣೂರಿನ ಯೋಜನೆಗಳು ವರದೆಯಿಂದಲೋ ತುಂಗಭದ್ರೆಯಿಂದಲೋ ನೀರನ್ನು ಪಂಪಿನಲ್ಲಿ ಎತ್ತಿ ಕೆರೆಗಳಿಗೆ ಸುರಿಯುತ್ತವೆ. ಬೇಸಿಗೆಯಲ್ಲಿ ತುಂಬಿದ ಕೆರೆ ಕಂಡ ರೈತನ ಸಂತೋಷವನ್ನು ಅಲ್ಲಗಳೆಯುವುದು ಸಣ್ಣತನ. ಆದರೆ ಪೈಪು ಬಂದೊಡನೆ ಹಳ್ಳದ ಕಡೆಗಿನ ಕಣ್ಣು ಮುಚ್ಚುತ್ತದೆ. ಕೆರೆಗೆ ನೀರು ತರುವ ಹಳೆಯ ಕಾಲುವೆ ಒತ್ತುವರಿಯಾದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಪೈಪು ಇದೆಯಲ್ಲ! ಕೆರೆ ತನ್ನ ನೆಲದ ನೀರಿನ ಲೆಕ್ಕ ಕಳೆದುಕೊಂಡು, ಹೊರಗಿನಿಂದ ತುಂಬುವ ಟಾಕಿಯಾಗುತ್ತದೆ. ಎತ್ತುವ ವರದೆಯಲ್ಲೇ ಬೇಸಿಗೆಗೆ ನೀರಿಲ್ಲ. ಆಗ ಬೇಡ್ತಿಯನ್ನು ವರದೆಗೆ ತಿರುಗಿಸುವ ಮಾತು ಬರುತ್ತದೆ; ಹಾವೇರಿ ಅದನ್ನು ಬೇಡುತ್ತದೆ, ಉತ್ತರ ಕನ್ನಡ ಅದನ್ನು ವಿರೋಧಿಸುತ್ತದೆ. ಬೇಡುವವರ ಬವಣೆ ಸುಳ್ಳಲ್ಲ, ಕಾಡು ಕಳೆದುಕೊಳ್ಳುವವರ ಭಯವೂ ಸುಳ್ಳಲ್ಲ. ತಮ್ಮ ಹಳ್ಳಗಳ ನೀರು ತಮ್ಮ ಕೆರೆಗಳಿಗೆ ಎಷ್ಟು ಸೇರುತ್ತಿದೆ, ಎಷ್ಟು ತಪ್ಪಿಹೋಗುತ್ತಿದೆ ಎಂಬ ಲೆಕ್ಕವನ್ನು ಊರೂರಿನಲ್ಲಿ ಮಾಡಿ ಮುಂದಿಟ್ಟ ಮೇಲೆ ಆ ಬೇಡಿಕೆ ಬಂದರೆ ಅದಕ್ಕೆ ಹೆಚ್ಚು ಬಲವಿರುತ್ತದೆ.

ಈ ಲೆಕ್ಕ ಆಗದಿರುವುದಕ್ಕೆ ಆಡಳಿತದ ಕಾರಣವೊಂದು ಎದ್ದು ಕಾಣುತ್ತದೆ. ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅಚ್ಚುಕಟ್ಟು ನಲವತ್ತು ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. 2014ರಲ್ಲಿ ಕೆರೆ ಪ್ರಾಧಿಕಾರಕ್ಕೆಂದು ಕಾಯ್ದೆ ಬಂತು, ನಾಲ್ಕು ವರ್ಷದಲ್ಲಿ ಅದರ ಸ್ವರೂಪ ಬದಲಾಗಿ ಹೊಣೆ ಮತ್ತೆ ಸಣ್ಣ ನೀರಾವರಿಯ ಕಡೆ ವಾಲಿತು. ಕಟ್ಟಿದವರು ಸಾಲಾಗಿ ಕಟ್ಟಿದ್ದನ್ನು ನಾವು ಗಾತ್ರ ನೋಡಿ ಹಂಚಿಕೊಂಡಿದ್ದೇವೆ. ಒಂದೇ ಹಳ್ಳದ ಮೇಲಿನ ಕೆರೆ ಒಂದು ಕಚೇರಿಯದು, ಅದರ ಕೋಡಿ ಬೀಳುವ ಕೆಳಗಿನ ಕೆರೆ ಇನ್ನೊಂದು ಕಚೇರಿಯದು, ನಡುವಿನ ಕಾಲುವೆ ಕಂದಾಯ ಇಲಾಖೆಯ ನಕ್ಷೆಯಲ್ಲಿರುವ ಗೆರೆ. ಪೋರುಮಾಮಿಳ್ಳದ ಶಾಸನ ಎಚ್ಚರಿಸಿದ ಗಡಿಯ ದೋಷ ರಾಜ್ಯಗಳಿಂದ ಇಳಿದು ಇಲಾಖೆಗಳ ನಡುವೆ ಬಂದು ಕೂತಿದೆ. ಹಾನಗಲ್‌ನಂಥ ತಾಲೂಕಿನಲ್ಲಿ ಒಂದೊಂದು ಹಳ್ಳದ ಸಾಲನ್ನು ತಲೆಯಿಂದ ಬಾಲದವರೆಗೆ ಒಂದೇ ಘಟಕವೆಂದು ಹಿಡಿದು, ಅದಕ್ಕೊಂದೇ ಲೆಕ್ಕದ ಪುಸ್ತಕ ಇಟ್ಟು, ಪ್ರತಿ ಮುಂಗಾರಿಗೆ ಮೊದಲು ಕೋಡಿಗಳ ಮಟ್ಟವನ್ನೂ ನಡುವಿನ ಕಾಲುವೆಗಳನ್ನೂ ಅಳೆದು ಬರೆಯಲು ದೊಡ್ಡ ಅನುದಾನ ಬೇಕಿಲ್ಲ. ಆ ಪುಸ್ತಕ ಗ್ರಾಮಸಭೆಯಲ್ಲಿ ಓದುವಂತಾದರೆ ಬಾಲದ ಗದ್ದೆಯವನಿಗೂ ಮೇಲಿನವನನ್ನು ಪ್ರಶ್ನೆ ಕೇಳಲು ಒಂದು ಕಾಗದ ಸಿಗುತ್ತದೆ, ಹಳೆಯ ಕಾಲದ ನೀರಗಂಟಿ ಅವನಿಗೆ ಎಂದೂ ಕೊಡದಿದ್ದ ಕಾಗದ.